ಸೊಪ್ಪು ಮುರಿದ ರಾತ್ರಿಯ ವಾಂತಿ

ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುತ್ತಮುತ್ತ ಮಳೆಗಾಲದಲ್ಲೇ ಹೊಗೆಸೊಪ್ಪು ಮುರಿಯುತ್ತಾರೆ. ಬೆಳಗ್ಗೆ ಹೊಲಕ್ಕೆ ಇಳಿದರೆ ಎಲೆ ಮೇಲೆ ನೀರು ಇನ್ನೂ ನಿಂತಿರುತ್ತದೆ. ಮುರಿದ ಎಲೆಯನ್ನು ಕಂಕುಳಲ್ಲಿ ಅವುಚಿಕೊಂಡು ಸಾಲು ಮುಗಿಸುವಷ್ಟರಲ್ಲಿ ಬಟ್ಟೆಯೆಲ್ಲ ತೊಪ್ಪೆ. ಕೈತುಂಬ ಕಪ್ಪು ಅಂಟು. ಸೋಪು ಹಾಕಿ ಉಜ್ಜಿ ಊಟಕ್ಕೆ ಕೂತರೂ ಮುದ್ದೆ ಕಹಿ ಕಹಿ.

ರಾತ್ರಿ ಕೆಲವರಿಗೆ ತಲೆಸುತ್ತು, ಹೊಟ್ಟೆ ತೊಳಸು, ವಾಂತಿ. ‘ಪಿತ್ತ ಆಗಿದೆ, ನಿಂಬೆಹಣ್ಣಿನ ಪಾನಕ ಕುಡಿ’ ಅನ್ನುತ್ತಾರೆ ಮನೆಯವರು. ವೈದ್ಯರು ಇದನ್ನು ‘ಹಸಿರು ತಂಬಾಕು ಕಾಯಿಲೆ’ ಎಂದು ಕರೆಯುತ್ತಾರೆ. ಎಲೆಯ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕ ರಕ್ತಕ್ಕೆ ಇಳಿಯುತ್ತದೆ. ಎಲೆ ಮೇಲಿನ 100 ಮಿಲಿ ಇಬ್ಬನಿಯಲ್ಲಿ 9 ಮಿಲಿಗ್ರಾಂವರೆಗೂ ನಿಕೋಟಿನ್ ಇರಬಹುದು. ಒಂದು ಸಿಗರೇಟು ಸೇದಿದರೆ ಮೈಗೆ ಸೇರುವುದು ಹೆಚ್ಚುಕಡಿಮೆ 1 ಮಿಲಿಗ್ರಾಂ. ಇಬ್ಬನಿಯಲ್ಲಿದ್ದದ್ದು ಅಷ್ಟೂ ಒಳಗೆ ಹೋಗಲ್ಲ, ನಿಜ. ಆದರೆ ಇಡೀ ಬೆಳಗ್ಗೆ ಒದ್ದೆ ಬಟ್ಟೆಯಲ್ಲೇ ಇದ್ದರೆ?

ಕಾಯಿಲೆ ತಕ್ಷಣ ಕಾಣಿಸಿಕೊಳ್ಳಲ್ಲ, 3ರಿಂದ 17 ಗಂಟೆ ಬೇಕು. ಅಷ್ಟರಲ್ಲಿ ತಪ್ಪು ಮಧ್ಯಾಹ್ನದ ಸಾರಿನ ತಲೆಗೆ ಬಿದ್ದಿರುತ್ತದೆ! ಬೀಡಿ ಸೇದುವವರ ಮೈ ನಿಕೋಟಿನ್‌ಗೆ ಒಗ್ಗಿಹೋಗಿರುತ್ತದೆ. ಅವರಿಗೆ ಕಾಟ ಕಡಿಮೆ. ಅದಕ್ಕೇ ಯಾವ ಚಟವೂ ಇಲ್ಲದ ಹೆಂಗಸು ಮಲಗಿದರೆ ‘ಇವಳದ್ದು ನಾಜೂಕು ಮೈ’ ಅನ್ನಿಸಿಕೊಳ್ಳುತ್ತಾಳೆ.

ಇದನ್ನು ಅಳೆಯಬಹುದು. ನಿಕೋಟಿನ್ ಮೈಯಲ್ಲಿ ಕೊಟಿನಿನ್ ಆಗಿ ಬದಲಾಗುತ್ತದೆ. ಅದು ಎರಡು ಮೂರು ದಿನ ಮೂತ್ರದಲ್ಲಿ ಸಿಗುತ್ತದೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರಲ್ಲಿ ಈ ಲೆಕ್ಕ ಕೆಡುತ್ತದೆ ಅಷ್ಟೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 1980ರ ದಶಕದಲ್ಲೇ ತಂಬಾಕು ಕೂಲಿಗಳಿಗೆ ಕೈಗವಸು, ಬೂಟು ಕೊಟ್ಟು ಮೂತ್ರ ಪರೀಕ್ಷೆ ಮಾಡಿದರು. ಮೂತ್ರದಲ್ಲಿ ಹೋಗುವ ನಿಕೋಟಿನ್ ಇಳಿದಿತ್ತು.

ಲ್ಯಾಬು ಇಲ್ಲದ ಕಡೆ ಒಂದು ನೋಟ್‌ಬುಕ್ ಸಾಕು ಅನ್ನುವುದು ನನ್ನ ಲೆಕ್ಕ. ಇವತ್ತು ಯಾರು ಸೊಪ್ಪು ಮುರಿದರು, ಎಲೆ ಒದ್ದೆ ಇತ್ತಾ, ರಾತ್ರಿ ಯಾರಿಗೆ ವಾಂತಿ ಆಯಿತು. ಹತ್ತು ದಿನ ಬರೆದರೆ ಪಿತ್ತದ ಗುಟ್ಟು ಗೊತ್ತಾಗುತ್ತೆ, ಅಲ್ವಾ? ಡಾಕ್ಟರ ಹತ್ತಿರ ಹೋದಾಗಲೂ ‘ಹಸಿ ಸೊಪ್ಪು ಮುರಿದೆ’ ಅಂತ ಹೇಳಲೇಬೇಕು. ಹೊಲಕ್ಕೆ ಔಷಧಿ ಹೊಡೆದಿದ್ದರೆ ಅದನ್ನೂ. ಕೀಟನಾಶಕದ ವಿಷವೂ ಹೀಗೇ ವಾಂತಿ ಮಾಡಿಸುತ್ತದೆ, ಅದರ ಚಿಕಿತ್ಸೆಯೇ ಬೇರೆ.

ಎಲೆ ಒಣಗಿದ ಮೇಲೆ ಮುರಿಯಿರಿ ಅಂತ ಸುಮ್ನೆ ಹೇಳಿಬಿಡಬಹುದು. ಆದರೆ ಸೊಪ್ಪನ್ನು ಬಿಸಿಗೆ ಒಣಗಿಸುವ ಬ್ಯಾರನ್ ಮನೆಯನ್ನು ಒಂದೇ ಸಲಕ್ಕೆ ತುಂಬಬೇಕು, ಮಳೆ ಬಿಡುವುದನ್ನು ಕಾಯುತ್ತಾ ಯಾರು ಕೂರುತ್ತಾರೆ? ಹಾಗಾಗಿ ಮೈಗೆ ಪ್ಲಾಸ್ಟಿಕ್ ಕೋಟು, ಬದುವಿನ ಮೇಲೆ ಸೋಪು, ನೀರು, ಜೊತೆಗೆ ಒಣಗಿದ ಇನ್ನೊಂದು ಅಂಗಿ.