ಮುದ್ರೆ ಇಲ್ಲದ ಪುಸ್ತಕಕ್ಕೆ ಅಂಗಡಿಯಿಲ್ಲ: ಇಸಿ ಕಾಮಿಕ್ಸ್‌ನ ಏಳುಬೀಳು

ಅಮೆರಿಕದ ಕಾಮಿಕ್ಸ್ ಎಂದೊಡನೆ ಮಾರ್ವೆಲ್ ಮತ್ತು ಡಿಸಿ ಹೆಸರು ಬಾಯಿಗೆ ಬರುತ್ತದೆ. ಇಸಿ ಕಾಮಿಕ್ಸ್ ಎಂಬ ಸಣ್ಣ ಸಂಸ್ಥೆಯನ್ನು ನೆನೆಯುವವರು ಕಡಿಮೆ. 1950ರಲ್ಲಿ ಭಯಾನಕ ಕಥೆಗಳೊಂದಿಗೆ ಮಿಂಚಿದ ಅದು 1956ರ ಹೊತ್ತಿಗೆ ಕಾಮಿಕ್ಸ್ ಪುಸ್ತಕಗಳನ್ನೇ ನಿಲ್ಲಿಸಿತ್ತು. ಸರ್ಕಾರ ಅದನ್ನು ನಿಷೇಧಿಸಲಿಲ್ಲ, ಯಾವ ನ್ಯಾಯಾಲಯವೂ ಅದಕ್ಕೆ ಬೀಗ ಹಾಕಿಸಲಿಲ್ಲ. ಆ ಕೆಲಸ ಮಾಡಿದವರು ಅದೇ ಕಸುಬಿನ ಉಳಿದ ಪ್ರಕಾಶಕರು.

ಸಂಸ್ಥೆಯನ್ನು ಕಟ್ಟಿದ ಮ್ಯಾಕ್ಸ್ ಗೇನ್ಸ್ ಅಮೆರಿಕದ ಕಾಮಿಕ್ಸ್ ಪುಸ್ತಕಕ್ಕೆ ಇಂದಿನ ರೂಪ ಕೊಟ್ಟವರಲ್ಲಿ ಒಬ್ಬರು. 1933ರ ಸುಮಾರಿಗೆ ಪತ್ರಿಕೆಗಳ ಹಾಸ್ಯಚಿತ್ರಗಳನ್ನು ಚಿಕ್ಕ ಪುಸ್ತಕವಾಗಿ ಮಡಿಸಿ ಹಂಚುವ ಸಾಹಸದಲ್ಲಿ ಅವರಿದ್ದರು. ಉಚಿತವಾಗಿ ಹಂಚಬೇಕಿದ್ದ ಪ್ರತಿಗಳಿಗೆ ಹತ್ತು ಸೆಂಟ್‌ನ ಚೀಟಿ ಅಂಟಿಸಿ ಅಂಗಡಿಯಲ್ಲಿಟ್ಟು, ಜನ ಕಾಸು ಕೊಟ್ಟು ಕೊಳ್ಳುತ್ತಾರೆಂದು ಕಂಡುಕೊಂಡರು ಎಂಬ ಕಥೆಯೂ ಇದೆ. ಮುಂದೆ ವಂಡರ್ ವುಮನ್, ಫ್ಲ್ಯಾಶ್ ಮುಂತಾದವರನ್ನು ಪ್ರಕಟಿಸುತ್ತಿದ್ದ ಸಂಸ್ಥೆಯಲ್ಲಿನ ತಮ್ಮ ಪಾಲನ್ನು ಡಿಸಿಯ ಒಡೆಯರಿಗೆ ಮಾರಿದರು. ಬೈಬಲಿನ ಚಿತ್ರಕಥೆಗಳನ್ನು ಉಳಿಸಿಕೊಂಡು 1944ರಲ್ಲಿ ‘ಎಜುಕೇಷನಲ್ ಕಾಮಿಕ್ಸ್’ ತೆರೆದರು. ಮಕ್ಕಳಿಗೆ ಜ್ಞಾನ ಕೊಡುವ ಹಂಬಲವೇನೋ ದೊಡ್ಡದೇ, ವ್ಯಾಪಾರ ಮಾತ್ರ ಸೊರಗಿತ್ತು. 1947ರ ಆಗಸ್ಟ್‌ನಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ನಡೆದ ದೋಣಿ ಅಪಘಾತದಲ್ಲಿ ಅವರು ತೀರಿಕೊಂಡರು.

ಮಗ ವಿಲಿಯಂಗೆ ಆಗ 25 ವರ್ಷ. ರಸಾಯನಶಾಸ್ತ್ರದ ಮೇಷ್ಟರಾಗಲು ಓದುತ್ತಿದ್ದ ಅವರು ಒಲ್ಲದ ಮನಸ್ಸಿನಿಂದಲೇ ಕಚೇರಿಗೆ ಬಂದರು. 1948ರಲ್ಲಿ ಆಲ್ ಫೆಲ್ಡ್‌ಸ್ಟೀನ್ ಎಂಬ ಚಿತ್ರಕಾರ ಜೊತೆಯಾದ ಮೇಲೆ ಆ ಉದಾಸೀನ ಮಾಯವಾಯಿತು. ‘ಎಜುಕೇಷನಲ್’ ಹೋಗಿ ‘ಎಂಟರ್ಟೇನಿಂಗ್’ ಬಂತು. ಇಸಿ ಎಂಬ ಅಕ್ಷರಗಳು ಹಾಗೆಯೇ ಉಳಿದವು. 1950ರಿಂದ ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’, ‘ದಿ ವಾಲ್ಟ್ ಆಫ್ ಹಾರರ್’, ‘ವಿಯರ್ಡ್ ಸೈನ್ಸ್’ ಒಂದರ ಹಿಂದೆ ಒಂದು ಹೊರಬಂದವು. ತೂಕ ಇಳಿಸುವ ಮಾತ್ರೆ ನುಂಗಿ ನಿದ್ದೆ ಬಾರದೆ ಗೇನ್ಸ್ ರಾತ್ರಿಯೆಲ್ಲ ಅಗ್ಗದ ಕಥಾಪತ್ರಿಕೆಗಳನ್ನು ಓದುವರು, ಬೆಳಿಗ್ಗೆ ಕಥೆಯ ಎಳೆಗಳನ್ನು ತಂದು ಫೆಲ್ಡ್‌ಸ್ಟೀನ್ ಮುಂದೆ ಸುರಿಯುವರು. ಒಪ್ಪಿಗೆಯಾದ ಎಳೆಯನ್ನು ಫೆಲ್ಡ್‌ಸ್ಟೀನ್ ನೇರವಾಗಿ ಚಿತ್ರದ ಹಾಳೆಯ ಮೇಲೆಯೇ ಬರೆದು ಮುಗಿಸುವರು. ಬೇರೆಯವರ ಕಥೆ ಕದ್ದದ್ದು ಒಮ್ಮೊಮ್ಮೆ ಸಿಕ್ಕಿಬೀಳುತ್ತಿತ್ತು. ವಿಜ್ಞಾನಕಥೆಗಾರ ರೇ ಬ್ರಾಡ್‌ಬರಿ ಅವರ ಎರಡು ಕಥೆಗಳನ್ನು ಹೇಳದೆ ಕೇಳದೆ ಹೊಂದಿಸಿ ಬಳಸಿದಾಗ ಅವರಿಂದ ಬಂದದ್ದು ಬಲು ವಿನಯದ ಪತ್ರ: ಗೌರವಧನ ಕಳುಹಿಸುವುದು ಕೆಲಸದ ಗಡಿಬಿಡಿಯಲ್ಲಿ ಮರೆತುಹೋಗಿರಬೇಕು. ಹಣ ಹೋಯಿತು, ಮುಂದೆ ಅವರ ಒಪ್ಪಿಗೆಯಿಂದಲೇ ಹಲವು ಕಥೆಗಳು ಚಿತ್ರರೂಪ ಪಡೆದವು.

ಹೆಣ, ಕೊಡಲಿ, ಗೋರಿ ಇವಷ್ಟೇ ಆಗಿದ್ದರೆ ಇಸಿಯನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ. ವಾಲಿ ವುಡ್, ಜಾನಿ ಕ್ರೇಗ್, ಬರ್ನಾರ್ಡ್ ಕ್ರಿಗ್‌ಸ್ಟೀನ್ ಅವರಂಥ ಕಲಾವಿದರು ತಮ್ಮ ತಮ್ಮ ಶೈಲಿಯಲ್ಲೇ ಬರೆದು ಸಹಿ ಹಾಕುತ್ತಿದ್ದರು; ಉಳಿದ ಕಡೆ ಕಲಾವಿದನ ಹೆಸರು ಕಾಣುತ್ತಿದ್ದುದು ಕಡಿಮೆ. ಕೊರಿಯಾ ಯುದ್ಧ ನಡೆಯುತ್ತಿದ್ದಾಗ ಹಾರ್ವೆ ಕುರ್ಟ್ಸ್‌ಮನ್ ಸಂಪಾದಿಸಿದ ಯುದ್ಧಕಥೆಗಳಲ್ಲಿ ಜಯಘೋಷಕ್ಕಿಂತ ಸಾಯುವ ಮನುಷ್ಯನ ಮುಖವೇ ದೊಡ್ಡದಾಗಿ ಕಾಣುತ್ತಿತ್ತು. ‘ಶಾಕ್ ಸಸ್ಪೆನ್‌ಸ್ಟೋರೀಸ್’ ವರ್ಣದ್ವೇಷವನ್ನೂ ಗುಂಪುಹಿಂಸೆಯನ್ನೂ ನೇರವಾಗಿ ಎತ್ತಿಕೊಂಡಿತು. ಹತ್ತು ಸೆಂಟ್‌ನ ಪುಸ್ತಕದಲ್ಲಿ ಅದು ಸಣ್ಣ ಎದೆಗಾರಿಕೆಯಲ್ಲ.

ಅಷ್ಟರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ದಮ್ ಅವರ ‘ಸೆಡಕ್ಷನ್ ಆಫ್ ದಿ ಇನ್ನೊಸೆಂಟ್’ ಬಂತು. ಮಕ್ಕಳು ಅಪರಾಧದ ಹಾದಿ ಹಿಡಿಯಲು ಕಾಮಿಕ್ಸ್ ಒಂದು ಕಾರಣ ಎಂಬುದು ಅವರ ವಾದ. ವರ್ದಮ್ ಅವರನ್ನು ಸಂಕುಚಿತ ಬುದ್ಧಿಯ ಖಳನಾಯಕನಂತೆ ಚಿತ್ರಿಸುವ ವಾಡಿಕೆ ಇದೆ. ನನಗದು ಸರಿಕಾಣುವುದಿಲ್ಲ. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಬಡ ಕಪ್ಪು ಜನರಿಗಾಗಿ ಚಿಕಿತ್ಸಾಲಯ ನಡೆಸಿದವರು ಅವರು. ಶಾಲೆಗಳಲ್ಲಿನ ವರ್ಣಭೇದ ಮಕ್ಕಳಿಗೆ ಹಾನಿಕರ ಎಂದು ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದವರು. ವರ್ಣದ್ವೇಷದ ವಿಷಯದಲ್ಲಿ ಅವರೂ ಗೇನ್ಸ್ ಅವರೂ ಒಂದೇ ಪಕ್ಷ. ಆದರೂ ಸೆನೆಟ್ ಉಪಸಮಿತಿಯ ಮುಂದೆ ವರ್ದಮ್ ಇಸಿಯ ಕಥೆಯೊಂದರ ಬೈಗುಳವನ್ನು ಎತ್ತಿ ತೋರಿಸಿದರು. ಆ ಕಥೆ ಬರೆದದ್ದೇ ದ್ವೇಷದ ವಿರುದ್ಧ ಎಂದು ಗೇನ್ಸ್ ವಿವರಿಸಬೇಕಾಯಿತು.

ಬಾಲಾಪರಾಧದ ಕುರಿತ ಆ ವಿಚಾರಣೆ 1954ರ ಏಪ್ರಿಲ್ 21ರಂದು ನ್ಯೂಯಾರ್ಕ್‌ನಲ್ಲಿ ಆರಂಭವಾಯಿತು. ಗೇನ್ಸ್ ತಾವಾಗಿಯೇ ಸಾಕ್ಷಿ ಹೇಳಲು ಬಂದಿದ್ದರು. ಮಾತ್ರೆಯ ಪ್ರಭಾವ ಇಳಿಯುತ್ತಿದ್ದಂತೆ ದಣಿವು ಆವರಿಸಿತು ಎಂದು ಅವರನ್ನು ಬಲ್ಲವರು ಹೇಳುತ್ತಾರೆ. ಸೆನೆಟರ್ ಎಸ್ಟೆಸ್ ಕೆಫಾವರ್ ‘ಕ್ರೈಮ್ ಸಸ್ಪೆನ್‌ಸ್ಟೋರೀಸ್’ನ 22ನೆಯ ಸಂಚಿಕೆಯ ಮುಖಪುಟ ಎತ್ತಿ ಹಿಡಿದರು: ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಹೆಂಗಸಿನ ಕಡಿದ ತಲೆ. ಇದು ಸದಭಿರುಚಿಯೇ ಎಂಬುದು ಪ್ರಶ್ನೆ. ಭಯಾನಕ ಕಾಮಿಕ್ಸ್‌ನ ಮುಖಪುಟ ಎಂದಾದರೆ ಹೌದು, ಎಂದರು ಗೇನ್ಸ್. ತಲೆಯನ್ನು ಇನ್ನಷ್ಟು ಮೇಲೆತ್ತಿ ಕತ್ತಿನಿಂದ ರಕ್ತ ತೊಟ್ಟಿಕ್ಕುವುದನ್ನು ತೋರಿಸಿದ್ದರೆ ಅದು ಕೀಳಭಿರುಚಿ ಆಗುತ್ತಿತ್ತು ಎಂದೂ ಸೇರಿಸಿದರು. ತರ್ಕಕ್ಕೆ ತಪ್ಪಿಲ್ಲದ ಉತ್ತರ, ಆದರೆ ಅಲ್ಲಿ ಆಡಬಾರದಿದ್ದ ಉತ್ತರ. ಮರುದಿನ ಅದು ನ್ಯೂಯಾರ್ಕ್ ಟೈಮ್ಸ್‌ನ ಮೊದಲ ಪುಟದಲ್ಲಿತ್ತು.

ಸೆನೆಟ್ ಕಾನೂನೇನೂ ತರಲಿಲ್ಲ. ಪ್ರಕಾಶಕರೆಲ್ಲ ಒಗ್ಗೂಡಿ ಸೆನ್ಸಾರ್‌ಶಿಪ್ ಎದುರಿಸೋಣ ಎಂದು ಸಭೆ ಕರೆದವರು ಗೇನ್ಸ್ ಅವರೇ. ಸೇರಿದವರು ಕಟ್ಟಿದ್ದು ಮಾತ್ರ ಸ್ವಯಂ ಸೆನ್ಸಾರ್ ಮಂಡಳಿಯನ್ನು. ಆರ್ಚಿ ಕಾಮಿಕ್ಸ್‌ನ ಜಾನ್ ಗೋಲ್ಡ್‌ವಾಟರ್ ಅದರ ಅಧ್ಯಕ್ಷರು. ಪುಟಗಳನ್ನು ಪರೀಕ್ಷಿಸಲು ಚಾರ್ಲ್ಸ್ ಮರ್ಫಿ ಎಂಬ ನ್ಯಾಯಾಧೀಶರು. 1954ರ ಅಕ್ಟೋಬರ್‌ನಲ್ಲಿ ಒಪ್ಪಿಗೆಯಾದ ಕಾಮಿಕ್ಸ್ ಸಂಹಿತೆ ರಕ್ತಪಿಶಾಚಿ, ನಡೆದಾಡುವ ಹೆಣ, ತೋಳಮಾನವರನ್ನು ಹೊರಹಾಕಿತು. ‘ಹಾರರ್’, ‘ಟೆರರ್’ ಪದಗಳು ಶೀರ್ಷಿಕೆಯಲ್ಲಿ ಕೂಡದು ಎಂದಿತು. ಇಸಿಯ ಪುಸ್ತಕಗಳನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಬರೆದಂತಿತ್ತು ಆ ಪಟ್ಟಿ. ಪರೀಕ್ಷೆಯಲ್ಲಿ ಗೆದ್ದ ಪುಸ್ತಕದ ಮುಖಪುಟದ ಮೇಲೆ ಮಂಡಳಿಯ ಒಪ್ಪಿಗೆಯ ಮುದ್ರೆ ಇರುತ್ತಿತ್ತು; ಅದಿಲ್ಲದ ಪುಸ್ತಕವನ್ನು ವಿತರಕರೂ ಅಂಗಡಿಯವರೂ ಮುಟ್ಟಲು ಹಿಂಜರಿಯುತ್ತಿದ್ದರು. ಮಕ್ಕಳ ಕಾಮಿಕ್ಸ್‌ನ ದೊಡ್ಡ ಸಂಸ್ಥೆ ಡೆಲ್ ತನಗೆ ಈ ಮುದ್ರೆ ಬೇಡ ಎಂದು ಹೊರಗುಳಿಯಿತು. ಅಷ್ಟು ಹೆಸರಿದ್ದವರಿಗೆ ಅದು ಸಾಧ್ಯವಿತ್ತು.

ಇಸಿಗೆ ಆ ಭಾಗ್ಯವಿರಲಿಲ್ಲ. ಗೇನ್ಸ್ ಭಯಾನಕ ಪತ್ರಿಕೆಗಳನ್ನು ನಿಲ್ಲಿಸಿ, ವೈದ್ಯರ ಕಥೆ, ವಿಮಾನದ ಕಥೆ, ಕೊನೆಗೆ ಮನೋವಿಶ್ಲೇಷಣೆಯ ಕಥೆಗಳನ್ನೂ ತಂದರು. ಮುದ್ರೆ ಇಲ್ಲದ ಕಟ್ಟುಗಳು ಬಿಚ್ಚದೆಯೇ ವಾಪಸು ಬಂದವು. ಬೇರೆ ದಾರಿ ಕಾಣದೆ ಅವರೂ ಮಂಡಳಿಗೆ ಸೇರಿದರು.

ಕೊನೆಯ ಜಗಳ ‘ಜಡ್ಜ್‌ಮೆಂಟ್ ಡೇ’ ಕಥೆಯದು. ರೋಬಾಟ್‌ಗಳೇ ನೆಲೆಸಿರುವ ಗ್ರಹವೊಂದು ಭೂಮಿಯ ಒಕ್ಕೂಟಕ್ಕೆ ಸೇರಲು ಅರ್ಹವೇ ಎಂದು ನೋಡಲು ಗಗನಯಾತ್ರಿಯೊಬ್ಬ ಬರುತ್ತಾನೆ. ಕಿತ್ತಳೆ ಬಣ್ಣದ ರೋಬಾಟ್‌ಗಳು ನೀಲಿಯವರನ್ನು ದೂರವಿಟ್ಟಿರುವುದನ್ನು ಕಂಡು, ಇನ್ನೂ ಕಾಲ ಬಂದಿಲ್ಲ ಎಂದು ಹೊರಡುತ್ತಾನೆ. ಕೊನೆಯ ಚಿತ್ರದಲ್ಲಿ ಶಿರಸ್ತ್ರಾಣ ತೆಗೆದಾಗ ಅವನು ಕಪ್ಪು ಮನುಷ್ಯ. 1953ರಲ್ಲಿ ಒಮ್ಮೆ ಪ್ರಕಟವಾಗಿದ್ದ ಈ ಕಥೆಯನ್ನು, ಮಂಡಳಿ ಬೇರೊಂದು ಕಥೆ ತಿರಸ್ಕರಿಸಿದಾಗ ಬದಲಿಗೆ ಕೊಟ್ಟಿದ್ದರು. ಫೆಲ್ಡ್‌ಸ್ಟೀನ್ ಹೇಳಿಕೊಂಡಂತೆ, ಆ ಗಗನಯಾತ್ರಿ ಕಪ್ಪಗಿರಬಾರದು ಎಂದರು ಮರ್ಫಿ. ಕಥೆಯ ಜೀವವೇ ಅದು. ಪತ್ರಿಕೆಗಳ ಮುಂದೆ ಹೋಗುವುದಾಗಿ ಗೇನ್ಸ್ ಗುಡುಗಿದ ಮೇಲೆ, ಹೋಗಲಿ, ಮುಖದ ಮೇಲಿನ ಬೆವರ ಹನಿಗಳನ್ನಾದರೂ ಅಳಿಸಿ ಎಂಬ ಬೇಡಿಕೆ ಬಂತು. ಬೈದು ಫೋನ್ ಇಟ್ಟ ಗೇನ್ಸ್, ಬೆವರಿನ ಸಮೇತ ಅಚ್ಚು ಹಾಕಿಸಿದರು. 1956ರ ಆರಂಭದ ಆ ಸಂಚಿಕೆಯೇ ಇಸಿಯ ಕೊನೆಯ ಕಾಮಿಕ್ಸ್ ಪುಸ್ತಕ. ಅದೇ ವರ್ಷ ವಿತರಕ ಸಂಸ್ಥೆ ಲೀಡರ್ ನ್ಯೂಸ್ ದಿವಾಳಿಯಾಗಿ ಸಾಲ ಕುತ್ತಿಗೆಗೆ ಬಂತು.

ಉಳಿಸಿದ್ದು ಕುರ್ಟ್ಸ್‌ಮನ್ 1952ರಲ್ಲಿ ಆರಂಭಿಸಿದ್ದ ವಿಡಂಬನೆಯ ‘ಮ್ಯಾಡ್’. ಬೇರೆ ಪತ್ರಿಕೆಗೆ ಹೋಗಲಿದ್ದ ಅವರನ್ನು ಉಳಿಸಿಕೊಳ್ಳಲು ಗೇನ್ಸ್ 1955ರಲ್ಲಿ ಅದನ್ನು 25 ಸೆಂಟ್‌ನ ನಿಯತಕಾಲಿಕವಾಗಿ ಹಿಗ್ಗಿಸಿದ್ದರು. ಸಂಹಿತೆ ಅನ್ವಯವಾಗುತ್ತಿದ್ದುದು ಕಾಮಿಕ್ಸ್ ಪುಸ್ತಕಗಳಿಗೆ ಮಾತ್ರ. ನಿಯತಕಾಲಿಕವಾದ ‘ಮ್ಯಾಡ್’ ಅದರ ಕೈಗೆ ಸಿಗಲಿಲ್ಲ. ಮರುವರ್ಷವೇ ಕುರ್ಟ್ಸ್‌ಮನ್ ಹೊರಟುಹೋದರೂ ಫೆಲ್ಡ್‌ಸ್ಟೀನ್ ಸಂಪಾದಕತ್ವದಲ್ಲಿ 1970ರ ದಶಕದಲ್ಲಿ ಪ್ರಸಾರ ಇಪ್ಪತ್ತು ಲಕ್ಷ ದಾಟಿತು. ಗೇನ್ಸ್ ಸಂಸ್ಥೆಯನ್ನು ಮಾರಿದರೂ 1992ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಇದ್ದರು. ಕೈಯಿಂದ ಕೈಗೆ ಸಾಗಿದ ‘ಮ್ಯಾಡ್’, ಅಪ್ಪ ಹಿಂದೊಮ್ಮೆ ಪಾಲು ಮಾರಿದ್ದ ಡಿಸಿಯ ಬಳಗಕ್ಕೇ ಸೇರಿತು.

ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರಲ್ ಟಿಲ್ಲಿ ವರ್ದಮ್ ಅವರ ಕಡತಗಳನ್ನು ಪರಿಶೀಲಿಸಿ, ಮಕ್ಕಳ ಹೇಳಿಕೆಗಳನ್ನು ಅವರು ವಾದಕ್ಕೆ ತಕ್ಕಂತೆ ತಿರುಚಿದ್ದರೆಂದು 2012ರಲ್ಲಿ ತೋರಿಸಿದರು. ಸಂಹಿತೆ ಆ ವೇಳೆಗಾಗಲೇ ಸತ್ತಿತ್ತು: ಮಾರ್ವೆಲ್ 2001ರಲ್ಲಿ, ಡಿಸಿ ಮತ್ತು ಆರ್ಚಿ 2011ರಲ್ಲಿ ಅದನ್ನು ಕೈಬಿಟ್ಟಿದ್ದವು. ಮುದ್ರೆಯ ಹಕ್ಕು ಈಗ ಇರುವುದು ಕಾಮಿಕ್ಸ್ ಕಲಾವಿದರ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕಾಗಿ ಕಾನೂನು ಹೋರಾಟ ನಡೆಸುವ ಸಂಸ್ಥೆಯೊಂದರ ಬಳಿ.