ಎರ್ಡ್‌ಟ್ರೀ ನೆರಳಲ್ಲಿ ಎರಡು ಜಗಳ: ಒಂದು ಕಥೆಯದ್ದು, ಇನ್ನೊಂದು ಬಾಸ್‌ಗಳದ್ದು

2024ರ ಜೂನ್ 21ರಂದು 'ಎಲ್ಡನ್ ರಿಂಗ್' ಗೇಮ್‌ನ ಡಿಎಲ್‌ಸಿ (ಮುಖ್ಯ ಗೇಮ್‌ಗೆ ಆಮೇಲೆ ಸೇರುವ ಹೆಚ್ಚುವರಿ ಭಾಗ) 'ಶ್ಯಾಡೋ ಆಫ್ ದಿ ಎರ್ಡ್‌ಟ್ರೀ' ಬಂತು. ವಿಮರ್ಶಕರು ಆಗಲೇ ನೂರಕ್ಕೆ 95ರ ಆಸುಪಾಸು ಅಂಕ ಕೊಟ್ಟು ಕೂತಿದ್ದರು. ಮೂರೇ ದಿನದಲ್ಲಿ 50 ಲಕ್ಷ ಪ್ರತಿ ಖರ್ಚಾಯಿತು. ಅದೇ ಮೂರು ದಿನದಲ್ಲಿ ಪಿಸಿ ಗೇಮ್ ಮಾರುವ ತಾಣ ಸ್ಟೀಮ್‌ನಲ್ಲಿ ಆಟಗಾರರ ರಿವ್ಯೂ 'ಮಿಕ್ಸೆಡ್'ಗೆ (ಮಿಶ್ರ) ಇಳಿದಿತ್ತು. ಒಂದೇ ಗೇಮ್ ಬಗ್ಗೆ ಎರಡು ತೀರ್ಪು. ಆ ವಾದ ಇವತ್ತಿಗೂ ಮುಗಿದಿಲ್ಲ.

ಮುಗಿಯದಿರುವುದಕ್ಕೆ ಕಾರಣ, ಇದು ಒಂದು ವಾದವೇ ಅಲ್ಲ. ಎರಡು ಜಗಳ ಒಂದಕ್ಕೊಂದು ಗಂಟು ಬಿದ್ದಿವೆ. ಕಥೆ ಸರಿಯಾಗಿ ಮುಗಿಯಿತೇ ಅನ್ನುವುದು ಮೊದಲನೆಯದು. ಶತ್ರುಗಳನ್ನು ನ್ಯಾಯವಾಗಿ ಕಟ್ಟಿದ್ದಾರೆಯೇ ಅನ್ನುವುದು ಎರಡನೆಯದು. ಒಬ್ಬರು ಕಥೆ ಬಗ್ಗೆ ಕೇಳಿದರೆ ಇನ್ನೊಬ್ಬರು ಬಾಸ್, ಅಂದರೆ ದೊಡ್ಡ ಶತ್ರುವಿನ ಬಗ್ಗೆ ಉತ್ತರ ಕೊಡುತ್ತಾರೆ. ಎರಡನ್ನೂ ಬಿಡಿಸಿ ನೋಡೋಣ. ಕೊನೆಯವರೆಗಿನ ಕಥೆ ಇಲ್ಲಿ ಬರುತ್ತದೆ. ಇನ್ನೂ ಆಡದವರು ಬೇಕಾದರೆ ಆಡಿಯೇ ಓದಿ.

ಹಳೆಯದನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಟೋಕಿಯೊದ ಫ್ರಮ್‌ಸಾಫ್ಟ್‌ವೇರ್ 1986ರಲ್ಲಿ ಆಫೀಸು ಕೆಲಸದ ಸಾಫ್ಟ್‌ವೇರ್ ಮಾಡುತ್ತಾ ಶುರುವಾದ ಕಂಪನಿ. 1994ರಲ್ಲಿ 'ಕಿಂಗ್ಸ್ ಫೀಲ್ಡ್' ಮಾಡಿ ಗೇಮ್‌ಗಳ ಕಡೆ ತಿರುಗಿತು, 2009ರಲ್ಲಿ ಹಿಡೆಟಾಕಾ ಮಿಯಾಝಾಕಿ ನಿರ್ದೇಶನದ 'ಡೀಮನ್ಸ್ ಸೋಲ್ಸ್' ತಂತು, 2011ರ 'ಡಾರ್ಕ್ ಸೋಲ್ಸ್' ಹೊತ್ತಿಗೆ ಪ್ರಪಂಚವೆಲ್ಲ ಇವರ ಕಡೆ ನೋಡುತ್ತಿತ್ತು.

ನಮ್ಮ ವಿಷಯ ಶುರುವಾಗುವುದು 2012ರಿಂದ. ಆ ವರ್ಷ 'ಡಾರ್ಕ್ ಸೋಲ್ಸ್'ಗೆ 'ಆರ್ಟೋರಿಯಾಸ್ ಆಫ್ ದಿ ಅಬಿಸ್' ಎಂಬ ಹೆಚ್ಚುವರಿ ಭಾಗ ಬಂತು. ಮುಖ್ಯ ಗೇಮ್‌ನಲ್ಲಿ ಆರ್ಟೋರಿಯಾಸ್ ಎಂದೋ ಸತ್ತುಹೋದ ವೀರ. ಕತ್ತಲನ್ನು ಗೆದ್ದವನು ಅಂತ ಪುರಾಣ. ಡಿಎಲ್‌ಸಿ ನಮ್ಮನ್ನು ಹಿಂದಿನ ಕಾಲಕ್ಕೆ ಕರೆದುಕೊಂಡು ಹೋಗಿ ಎದುರಿಗೆ ನಿಲ್ಲಿಸಿದಾಗ ಅವನ ಎಡಗೈ ಮುರಿದು ಜೋತಾಡುತ್ತಿರುತ್ತದೆ. ಬುದ್ಧಿ ಕತ್ತಲಿಗೆ ಮಾರಿಹೋಗಿರುತ್ತದೆ. ಅವನು ಗೆದ್ದೇ ಇರಲಿಲ್ಲ. ಅವನ ಹೆಸರಿನಲ್ಲಿರುವ ಗೆಲುವು ನಾವು ಗೆದ್ದದ್ದು. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಆ ಜೋತಾಡುವ ಕೈ ನೋಡಿದರೆ ಸಾಕು.

2015ರಲ್ಲಿ 'ಬ್ಲಡ್‌ಬೋರ್ನ್'ಗೆ ಬಂದ 'ದಿ ಓಲ್ಡ್ ಹಂಟರ್ಸ್' ಕೂಡ ಇದೇ ದಾರಿ ಹಿಡಿಯಿತು. ಹಳೇ ಬೇಟೆಗಾರರು ಒಂದು ಮೀನುಗಾರರ ಹಳ್ಳಿಯಲ್ಲಿ ಮಾಡಿದ ಪಾಪವನ್ನು ಅಗೆದು ತೋರಿಸಿತು. 2017ರಲ್ಲಿ 'ಡಾರ್ಕ್ ಸೋಲ್ಸ್ 3'ಕ್ಕೆ ಬಂದ 'ದಿ ರಿಂಗ್ಡ್ ಸಿಟಿ' ಲೋಕದ ಕೊನೆಗೇ ಹೋಯಿತು ನಿಜ, ಆದರೆ ಅಲ್ಲಿ ಯಾವ ಪಾತ್ರಕ್ಕೂ ನಾವು ವರ್ಷಗಟ್ಟಲೆ ಕಾದಿರಲಿಲ್ಲ. ಹೀಗೆ ಡಿಎಲ್‌ಸಿ ಅಂದರೆ ಸತ್ತವರ ಗುಟ್ಟು ಬಿಚ್ಚುವುದು ಅನ್ನುವ ರೂಢಿ ಬಿತ್ತು. ಸತ್ತವರ ಕಥೆಯಲ್ಲಿ ಒಂದು ಅನುಕೂಲ ಇದೆ. ಅಂತ್ಯ ಹೇಗೂ ಗೊತ್ತಿರುತ್ತದೆ, ಕಾರಣ ಹೇಳಿದರೆ ಕೆಲಸ ಆಯಿತು.

ಶತ್ರುಗಳ ಕಡೆ ಇನ್ನೊಂದು ರೂಢಿ ಬೆಳೆಯುತ್ತಾ ಬಂತು. ಮುಖ್ಯ ಗೇಮ್ ಮುಗಿಸಿದವರೇ ಡಿಎಲ್‌ಸಿ ಕೊಳ್ಳುವುದು, ಹಾಗಾಗಿ ಅದು ಇನ್ನೂ ಕಷ್ಟ ಇರಬೇಕು. 'ಡೀಮನ್ಸ್ ಸೋಲ್ಸ್' ಬಾಸ್‌ಗಳಲ್ಲಿ ಅರ್ಧದಷ್ಟು ಒಗಟುಗಳು. ಉಪಾಯ ಹೊಳೆದರೆ ಬಿದ್ದುಹೋಗುತ್ತವೆ. 'ಓಲ್ಡ್ ಹಂಟರ್ಸ್'ನ ಬಾಸ್ ಆರ್ಫನ್ ಆಫ್ ಕಾಸ್ ಹತ್ತಿರ ಅಂಥ ಉಪಾಯ ನಡೆಯಲ್ಲ. 2016ರಲ್ಲಿ 'ಡಾರ್ಕ್ ಸೋಲ್ಸ್ 3'ರ ಡಿಎಲ್‌ಸಿಯಲ್ಲಿ ಬಂದ ಸಿಸ್ಟರ್ ಫ್ರೀಡಾ ಎರಡು ಸಲ ಸತ್ತು ಮೂರನೇ ಸಲ ಎದ್ದು ಬರುತ್ತಾಳೆ. 'ಎಲ್ಡನ್ ರಿಂಗ್' ಹೊತ್ತಿಗೆ ಮೊದಲ ದೊಡ್ಡ ಬಾಸ್ ಮಾರ್ಗಿಟ್ ಕೋಲು ಎತ್ತಿ, ನಾವು ರೋಲ್ ಮಾಡುವವರೆಗೆ (ಉರುಳಿ ತಪ್ಪಿಸಿಕೊಳ್ಳುವವರೆಗೆ) ಕಾದು, ಆಮೇಲೆ ಹೊಡೆಯುವುದನ್ನು ಕಲಿತಿದ್ದ. ಅದೇ ಗೇಮ್‌ನ ಇನ್ನೊಬ್ಬ ಬಾಸ್ ಮಲೇನಿಯಾ ಗಾಳಿಯಲ್ಲಿ ತೇಲಿ ಕತ್ತಿ ಬೀಸುವ ಆ ದಾಳಿಯ ಬಗ್ಗೆಯಂತೂ ಗಂಟೆಗಟ್ಟಲೆ ವಿಡಿಯೊಗಳಿವೆ. ವರ್ಷದಿಂದ ವರ್ಷಕ್ಕೆ ಶತ್ರುಗಳ ವೇಗ ಏರಿತು. ಆಟಗಾರನ ಕೈಲಿ ಇದ್ದದ್ದು ಮಾತ್ರ ಹೆಚ್ಚುಕಮ್ಮಿ ಅದೇ ರೋಲ್, ಅದೇ ಶೀಲ್ಡ್. ಈ ಅಂತರ 2024ರಲ್ಲಿ ಹುಟ್ಟಿದ್ದಲ್ಲ.

ಎಲ್ಡನ್ ರಿಂಗ್ 2022ರ ಫೆಬ್ರವರಿ 25ರಂದು ಬಂತು. ಅದರ ಪುರಾಣದ ಬುನಾದಿ ಹಾಕಿದ್ದು ಜಾರ್ಜ್ ಆರ್. ಆರ್. ಮಾರ್ಟಿನ್. ಆ ಪುರಾಣದಲ್ಲಿ ಮಿಕೆಲ್ಲಾ ಎಂಬ ಹುಡುಗ ಇದ್ದಾನೆ. ಮಲೇನಿಯಾಳ ಅವಳಿ. ಎಂದೂ ಬೆಳೆಯದೆ ಮಗುವಾಗಿಯೇ ಉಳಿಯುವ ಶಾಪ ಅವನಿಗೆ. ಎಲ್ಲರೂ ಅವನನ್ನು ಹೊಗಳುತ್ತಾರೆ, ನಮಗೆ ಮಾತ್ರ ಅವನು ಸಿಗುವುದಿಲ್ಲ. ರಕ್ತದ ದೊರೆ ಮೋಗ್‌ನ ಅರಮನೆಯಲ್ಲಿ ಒಂದು ಗೂಡಿನಿಂದ ಹೊರಗೆ ಇಳಿಬಿದ್ದ ಒಣಗಿದ ಕೈ ಕಾಣುತ್ತದೆ, ಅಷ್ಟೇ. ಮೋಗ್ ಅವನನ್ನು ಕದ್ದು ತಂದಿದ್ದಾನೆ ಅಂತಲೇ ಎಲ್ಲರೂ ನಂಬಿದ್ದರು.

2023ರ ಫೆಬ್ರವರಿ 28ರಂದು ಡಿಎಲ್‌ಸಿ ಘೋಷಣೆಯಾದಾಗ ಬಿಟ್ಟಿದ್ದು ಒಂದೇ ಚಿತ್ರ. ನಮ್ಮದೇ ಕುದುರೆ ಟೊರೆಂಟ್ ಮೇಲೆ ಹೊಂಗೂದಲಿನ ಆಕೃತಿಯೊಂದು ಕೂತಿದೆ. ದೂರದಲ್ಲಿ ಕರಿ ಮರ. ಟ್ರೇಲರ್ ಬಂದದ್ದು ಸುಮಾರು ಒಂದು ವರ್ಷದ ಮೇಲೆ. ನಡುವಿನ ಆ ಖಾಲಿ ಜಾಗವನ್ನು ತುಂಬಿದ್ದು ಅಭಿಮಾನಿಗಳ ಊಹೆ. ಮಿಕೆಲ್ಲಾ ತನ್ನ ಸತ್ತ ಅಣ್ಣ ಗೋಡ್ವಿನ್‌ಗಾಗಿ ಗ್ರಹಣಕ್ಕೆ ಕಾಯುತ್ತಿದ್ದ ಅನ್ನುವ ಸುಳಿವು ಮುಖ್ಯ ಗೇಮ್‌ನಲ್ಲೇ ಇತ್ತು. ಹಾಗಾಗಿ ಡಿಎಲ್‌ಸಿಯಲ್ಲಿ ಗೋಡ್ವಿನ್ ಬರುತ್ತಾನೆ ಅಂತ ಜನ ಹೆಚ್ಚುಕಮ್ಮಿ ಬರೆದೇ ಇಟ್ಟಿದ್ದರು. ಅಂದರೆ ಈ ಸಲ ಕಾದಿದ್ದು ಸತ್ತವನ ಗುಟ್ಟಿಗಲ್ಲ. ಬದುಕಿರುವವನೊಬ್ಬ ಮುಂದೆ ಏನು ಮಾಡುತ್ತಾನೆ ಅನ್ನುವುದಕ್ಕೆ. ಸ್ಟುಡಿಯೊ ರೂಢಿಯಲ್ಲಿ ಇದಕ್ಕೆ ದಾರಿ ಇರಲಿಲ್ಲ.

ಬಂದದ್ದು ಏನು? ಒಳಗೆ ಹೋಗಬೇಕಾದರೆ ಮೊದಲು ಮುಖ್ಯ ಗೇಮ್‌ನ ಬಾಸ್‌ಗಳಾದ ರಾಡಾನ್ ಮತ್ತು ಮೋಗ್ ಇಬ್ಬರನ್ನೂ ಕೊಂದಿರಬೇಕು. ಬಿಡುಗಡೆ ಹೊತ್ತಿಗೆ ಸ್ಟೀಮ್‌ನಲ್ಲಿ ನೂರರಲ್ಲಿ 40 ಜನರೂ ಮೋಗ್‌ನನ್ನು ಮುಗಿಸಿರಲಿಲ್ಲ. ಆ ಒಣಗಿದ ಕೈ ಮುಟ್ಟಿದರೆ ನೆರಳಿನ ನಾಡು ತೆರೆದುಕೊಳ್ಳುತ್ತದೆ. ಅಲ್ಲಿ ಮಿಕೆಲ್ಲಾ ದೇವರಾಗಲು ಹೊರಟಿದ್ದಾನೆ. ದಾರಿಯುದ್ದಕ್ಕೂ ಶಿಲುಬೆ ನೆಟ್ಟು, ಒಂದೊಂದರ ಬಳಿ ತನ್ನದೇ ಒಂದೊಂದು ಭಾಗ ಕಳಚಿಟ್ಟು ಹೋಗಿದ್ದಾನೆ. ಕೈ, ಕಣ್ಣು, ಕೊನೆಗೆ ಪ್ರೀತಿಯನ್ನೂ. ಹಿಂಬಾಲಿಸುವ ಲೀಡಾ, ಆನ್ಸ್‌ಬಾಕ್, ಫ್ರೇಯಾ ಮುಂತಾದವರು ಅವನ ಮೋಡಿಗೆ ಸಿಕ್ಕಿದವರು. ನಾವು ಶ್ಯಾಡೋ ಕೀಪ್ ಕೋಟೆ ಹತ್ತಿರ ಹೋಗುತ್ತಿದ್ದಂತೆ ಆ ಮೋಡಿ ಒಡೆಯುತ್ತದೆ, ಮೊನ್ನೆವರೆಗೆ ಒಟ್ಟಿಗಿದ್ದವರು ಒಬ್ಬರನ್ನೊಬ್ಬರು ಅನುಮಾನದಿಂದ ನೋಡಲು ಶುರು ಮಾಡುತ್ತಾರೆ. ಕತ್ತಿ ಎತ್ತುವ ಮೊದಲೇ ನಡೆಯುವ ಈ ಬಿರುಕು ಚೆನ್ನಾಗಿದೆ.

ಆದರೆ ಡಿಎಲ್‌ಸಿಯ ಜೀವ ಮಿಕೆಲ್ಲಾ ಹತ್ತಿರ ಇಲ್ಲ. ಅವನ ತಾಯಿ ಮರಿಕಾ ಹತ್ತಿರ ಇದೆ. ಈ ನಾಡಿನ ಕೊಂಬಿನ ಜನ ಮರಿಕಾಳ ಕುಲದವರನ್ನು ಹಿಡಿದು, ಕಡಿದು, ಜಾಡಿಗಳಲ್ಲಿ ಬೇರೆಯವರ ಮಾಂಸದ ಜೊತೆ ತುಂಬುತ್ತಿದ್ದರು. ಮರಿಕಾ ದೇವರಾದ ಮೇಲೆ ಮಗ ಮೆಸ್ಮರ್‌ನನ್ನು ಕಳಿಸಿ ಅದೇ ಜನರನ್ನು ಸುಡಿಸಿದಳು. ಆಮೇಲೆ ಮಗನನ್ನೂ ಅಲ್ಲೇ ಬಿಟ್ಟಳು. ಯಾರ ಕಡೆ ನಿಲ್ಲುವುದು? ಗೇಮ್ ಹೇಳುವುದಿಲ್ಲ.

ಶ್ಯಾಡೋ ಕೀಪ್ ಹಿಂಬದಿಯಲ್ಲಿ, ಮರಿಕಾ ವಿಗ್ರಹದ ಮುಂದೆ ಸರಿಯಾದ ಭಂಗಿಯಲ್ಲಿ ನಿಂತರೆ ಗುಟ್ಟಿನ ದಾರಿಯೊಂದು ತೆರೆಯುತ್ತದೆ. ಅದರಾಚೆ ಅವಳ ಹುಟ್ಟೂರು. ನಾಲ್ಕು ಗುಡಿಸಲು, ಹೊಂಬಣ್ಣದ ಹೂವು. ಊರೊಳಗೆ ಒಬ್ಬನೂ ಶತ್ರು ಇಲ್ಲ. ಮರದ ಬುಡದಲ್ಲಿ ಒಂದು ಮಂತ್ರ ಸಿಗುತ್ತದೆ, ಗಾಯ ವಾಸಿ ಮಾಡುವಂಥದ್ದು. ಗುಣಪಡಿಸಲು ಯಾರೂ ಉಳಿದಿಲ್ಲ ಅಂತ ಗೊತ್ತಿದ್ದೂ ಮರಿಕಾ ಆ ಊರನ್ನು ಬಂಗಾರದ ಬೆಳಕಲ್ಲಿ ಮೀಯಿಸಿದಳು ಅಂತ ಅದರ ವಿವರಣೆ ಹೇಳುತ್ತದೆ. ಇನ್ನೊಂದು ಕಡೆ ಅವಳು ಕತ್ತರಿಸಿ ಅರ್ಪಿಸಿದ ಜಡೆ ಇದೆ. ಇಡೀ ಎಲ್ಡನ್ ರಿಂಗ್‌ನಲ್ಲಿ ಮರಿಕಾ ಯಾರು ಅನ್ನುವ ಪ್ರಶ್ನೆಗೆ ಉತ್ತರ ಇಲ್ಲಿದೆ.  ಈ ಊರಿಗೆ ಬಾರದೆ ಡಿಎಲ್‌ಸಿ ಮುಗಿಸಿದವರು ಬಹಳ ಜನ ಇದ್ದಾರೆ, 'ಕಥೆಯೇ ಇಲ್ಲ' ಅನ್ನುವ ದೂರಿನಲ್ಲಿ ಒಂದಷ್ಟು ಪಾಲು ಅಲ್ಲಿಂದ ಬಂದದ್ದು.

ಕೊನೆಗೆ ಬರೋಣ. ದೇವರಾಗಲು ಮಿಕೆಲ್ಲಾಗೆ ಒಬ್ಬ ಸಂಗಾತಿ ಬೇಕು. ಅದು ಗೋಡ್ವಿನ್ ಅಲ್ಲ, ರಾಡಾನ್. ನಾವೇ ಕೊಂದ ರಾಡಾನ್‌ನ ಆತ್ಮ, ನಾವೇ ಕೊಂದ ಮೋಗ್‌ನ ದೇಹದಲ್ಲಿ. ಮೋಗ್ ಕಳ್ಳನಲ್ಲ, ಅವನೂ ಮೋಡಿಗೆ ಸಿಕ್ಕಿದವನೇ ಅಂತ ಗೊತ್ತಾಗುತ್ತದೆ. ಕೇಳಿದರೆ ಲೆಕ್ಕ ಸರಿಯಾಗಿದೆ. ಪ್ರವೇಶಕ್ಕೆ ಆ ಇಬ್ಬರನ್ನೇ ಯಾಕೆ ಕೊಲ್ಲಬೇಕಿತ್ತು ಅನ್ನುವುದಕ್ಕೂ ಉತ್ತರ ಸಿಕ್ಕಿತು. ಲೆಕ್ಕ ಸರಿಯಾದರೆ ಸಾಕೇ, ಮನಸ್ಸಿಗೆ ನಾಟಬೇಕಲ್ವಾ? ರಾಡಾನ್ ಈ ಮಾತಿಗೆ ಒಪ್ಪಿದ್ದನೋ ಇಲ್ಲವೋ ಗೇಮ್ ಹೇಳುವುದಿಲ್ಲ. ಬಾಸ್ ಬಿದ್ದ ಮೇಲೆ ಒಂದು ಚಿಕ್ಕ ನೆನಪು ತೋರಿಸುತ್ತಾರೆ. ನನ್ನ ಸಂಗಾತಿಯಾಗುತ್ತೇನೆ ಅಂತ ಮಾತು ಕೊಡು ಎಂದು ಮಿಕೆಲ್ಲಾ ಕೇಳುತ್ತಾನೆ. ಅಷ್ಟೇ. ಮುಖ್ಯ ಗೇಮ್‌ಗೆ ಹೊಸ ಅಂತ್ಯವೂ ಸೇರಲಿಲ್ಲ.

ಮಿಕೆಲ್ಲಾನ ಕಥೆಯ ನಿಜವಾದ ಕೊನೆ ಬೇರೆ ಕಡೆ ಇದೆ. ಅವನು ಕಳಚಿ ಬಿಸಾಕಿದ ಪ್ರೀತಿಗೆ ಸೇಂಟ್ ಟ್ರೀನಾ ಅಂತ ಹೆಸರು. ನಾಡಿನ ದಕ್ಷಿಣದ ಪ್ರಪಾತದ ತಳದಲ್ಲಿ ಅವಳು ಹೂವಿನ ಹಾಗೆ ಮಲಗಿದ್ದಾಳೆ. ಅವಳ ಮಕರಂದ ಕುಡಿದರೆ ಸಾಯುತ್ತೀರಿ. ಎದ್ದು ಬಂದು ಮತ್ತೆ ಕುಡಿಯಬೇಕು, ಮತ್ತೆ ಸಾಯಬೇಕು. ಹೀಗೆ ಹಟ ಹಿಡಿದರೆ ಅವಳ ದನಿ ಕೇಳುತ್ತದೆ: ದೇವರ ಪಟ್ಟ ಮಿಕೆಲ್ಲಾಗೆ ಸೆರೆಮನೆ, ಅವನನ್ನು ಕೊಂದು ಕ್ಷಮೆ ಕೊಡು ಅಂತ. ಇದನ್ನು ಕೇಳಿ ಕೊನೆಯ ಮೆಟ್ಟಿಲು ಹತ್ತಿದವರಿಗೂ ಕೇಳದೆ ಹತ್ತಿದವರಿಗೂ ಅದೇ ಕಾಳಗ ಬೇರೆಯಾಗಿ ಕಾಣುತ್ತದೆ. ಇಷ್ಟು ಮುಖ್ಯವಾದದ್ದನ್ನು ಇಷ್ಟು ಆಳದಲ್ಲಿ ಹೂತಿಡಬೇಕಿತ್ತೇ? ಆರ್ಟೋರಿಯಾಸ್‌ಗೆ ಆ ವಿಧಾನ ಹೊಂದಿತ್ತು. ಇಲ್ಲಿ ಕಷ್ಟವಾಯಿತು.

ಈಗ ಎರಡನೇ ಜಗಳ. ಇದರ ಬೇರು ಬಾಸ್‌ಗಳಿಗಿಂತ ಮೊದಲು ಸ್ಕಾಡುಟ್ರೀ ಚೂರುಗಳಲ್ಲಿದೆ. 150ನೇ ಲೆವೆಲ್ ದಾಟಿದವರು ಹೊಸ ನಾಡಿಗೆ ಬಂದರೆ ಎಲ್ಲ ಸುಲಭವಾಗಿಬಿಡುತ್ತದೆ ಅನ್ನುವ ಸಮಸ್ಯೆಗೆ ಕಂಡುಕೊಂಡ ಉಪಾಯ ಅದು. ನಾಡಿನಲ್ಲಿ ಒಟ್ಟು 50 ಚೂರು ಹರಡಿವೆ, ಅವನ್ನು ಕೂಡಿಸಿ 20 ಹಂತ ಏರಬಹುದು. ಏರಿದ ಹಾಗೆ ನಮ್ಮ ಹೊಡೆತ ಜಾಸ್ತಿ, ಬೀಳುವ ಪೆಟ್ಟು ಕಮ್ಮಿ. ಮುಖ್ಯ ಗೇಮ್‌ನಲ್ಲಿ ಬೆವರು ಸುರಿಸಿ ಕಟ್ಟಿದ ಬಿಲ್ಡ್‌ಗೆ (ಪಾತ್ರದ ಬಲ, ಆಯುಧಗಳ ಜೋಡಣೆಗೆ) ಇಲ್ಲಿ ಅರ್ಧ ಬೆಲೆ. ಹುಡುಕಾಡಿದವರಿಗೆ ಇದು ಸೊಗಸಾದ ವ್ಯವಸ್ಥೆ. ನೇರವಾಗಿ ಬಾಸ್ ಬಾಗಿಲಿಗೆ ಓಡಿದವರು ಎರಡೇ ಏಟಿಗೆ ಸತ್ತು ಸ್ಟೀಮ್‌ಗೆ ಹೋಗಿ ಕೆಂಪು ಹೆಬ್ಬೆರಳು ಒತ್ತಿದರು. ಪಿಸಿಯಲ್ಲಿ ಗೇಮ್ ತಡವರಿಸುತ್ತಿದ್ದದ್ದೂ ಸೇರಿಕೊಂಡಿತು. ಚೂರು ಹುಡುಕಿ ಅಂತ ಪ್ರಕಾಶಕರೇ ನೆನಪಿಸಬೇಕಾಯಿತು. ಜೂನ್ 26ರ 1.12.2 ಪ್ಯಾಚ್‌ನಲ್ಲಿ (ಬಿಡುಗಡೆಯಾದ ಗೇಮ್‌ಗೆ ಆಮೇಲೆ ಕಳಿಸುವ ತಿದ್ದುಪಡಿ) ಮೊದಲರ್ಧದ ಹಂತಗಳ ಬಲವನ್ನೇ ಹೆಚ್ಚಿಸಿದರು.

ಶತ್ರುಗಳ ರೂಪದ ಬಗ್ಗೆ ದೂರಿದವರು ಕಮ್ಮಿ. ಬೆಲುರಾಟ್ ಎಂಬ ಕಡೆ ಎದುರಾಗುವ ಸಿಂಹವನ್ನೇ ನೋಡಿ. ಒಂದೇ ವೇಷದೊಳಗೆ ಇಬ್ಬರು ಕುಣಿಯುತ್ತಾರೆ, ಬಟ್ಟೆಯಡಿ ಕಾಲುಗಳು ಕಾಣುತ್ತವೆ. ಕುಣಿತ ಏರಿದ ಹಾಗೆ ಹಿಮ, ಸಿಡಿಲು, ಗಾಳಿ ಮೈಮೇಲೆ ಬರುತ್ತವೆ. ದಸರೆಯಲ್ಲಿ ಹುಲಿವೇಷದ ಹಿಂದೆ ಓಡಿದವರಿಗೆ ವೇಷ ಎಲ್ಲಿ ಮುಗಿದು ಹುಲಿ ಎಲ್ಲಿ ಶುರುವಾಗುತ್ತದೆ ಅನ್ನುವ ಆ ಗಲಿಬಿಲಿ ಗೊತ್ತು. ಬಯಲಲ್ಲಿ ನಡೆದಾಡುವ ಬೆಂಕಿಯ ಬುಟ್ಟಿ ಫರ್ನೇಸ್ ಗೋಲೆಮ್ ಮೆಸ್ಮರ್‌ನ ಯುದ್ಧ ಎಂಥದ್ದು ಅನ್ನುವುದನ್ನು ಒಂದು ಮಾತಿಲ್ಲದೆ ಹೇಳುತ್ತದೆ. ಡ್ರ್ಯಾಗನ್ ಬೇಲ್‌ನ ಮೈಗೆ ಹಳೇ ವೈರಿಯ ತಲೆಗಳು ಇನ್ನೂ ಕಚ್ಚಿಕೊಂಡಿವೆ, ಆ ವೈರಿಯನ್ನು ನಾವು ಮುಖ್ಯ ಗೇಮ್‌ನಲ್ಲಿ ನೋಡಿದ್ದೇವೆ. ಮೆಸ್ಮರ್ ವೇಗವಾಗಿದ್ದಾನೆ, ಆದರೆ ಅವನ ಪ್ರತಿ ಹೊಡೆತವನ್ನೂ ಓದಬಹುದು. ಸೋತಾಗ ಯಾಕೆ ಸೋತೆ ಅಂತ ಗೊತ್ತಾಗುತ್ತದೆ. ಹಂದಿ ಏರಿ ನುಗ್ಗುವ ಗಾಯಸ್ ಹತ್ತಿರ ಅದು ಗೊತ್ತಾಗುತ್ತಿರಲಿಲ್ಲ. ಹಳೇ ಗೇಮ್‌ನ ಒಂದಿಷ್ಟು ಬಾಸ್‌ಗಳೂ ಸುಮ್ನೆ ವಾಪಸ್ ಬಂದಿವೆ. ಖಾಲಿ ಹೊಡೆಯುವ ಫಿಂಗರ್ ರೂಯಿನ್ಸ್ ಎಂಬ ಜಾಗಗಳ ಬಗ್ಗೆ ಹೇಳದಿರುವುದೇ ವಾಸಿ.

ಎರಡು ಜಗಳ ಒಂದಾಗುವುದು ಕೊನೆಯ ಬಾಸ್ ಹತ್ತಿರ. ಎರಡು ಕೈಯಲ್ಲಿ ಎರಡು ಮಹಾಖಡ್ಗ ಹಿಡಿದ ರಾಡಾನ್. ಎರಡನೇ ಹಂತದಲ್ಲಿ ಅವನ ಬೆನ್ನ ಮೇಲೆ ಮಿಕೆಲ್ಲಾ, ಖಡ್ಗ ಬೀಸಿದಲ್ಲೆಲ್ಲ ಬೆಳಕಿನ ಕಂಬ. ಎಷ್ಟು ಬೆಳಕು ಅಂದರೆ ಖಡ್ಗವೇ ಕಾಣುವುದಿಲ್ಲ. ಕತ್ತರಿ ಹಾಕಿದ ಹಾಗೆ ಬರುವ ಒಂದು ಹೊಡೆತದಿಂದ ತಪ್ಪಿಸಿಕೊಳ್ಳಲು ಆಗುತ್ತದೋ ಇಲ್ಲವೋ ಅಂತಲೇ ದೊಡ್ಡ ಚರ್ಚೆ ನಡೆಯಿತು. ಜನ ಕಂಡುಕೊಂಡ ಉಪಾಯ: ದೊಡ್ಡ ಶೀಲ್ಡ್ ಹಿಂದೆ ಅಡಗಿ ತೆಳ್ಳನೆ ಕತ್ತಿಯಲ್ಲಿ ಚುಚ್ಚುತ್ತಾ ನಿಲ್ಲುವುದು. ಗೆಲುವು ಸಿಗುತ್ತದೆ, ಕಾಳಗ ಸಿಗುವುದಿಲ್ಲ. ಅಷ್ಟು ಒದ್ದಾಡಿ ಗೆದ್ದವನ ಮುಂದೆ ಆ ಚಿಕ್ಕ ನೆನಪು ಬಂದು ಹೋದರೆ ಹೇಗಿರಬೇಕು? ಕಥೆ ಮೇಲಿನ ಸಿಟ್ಟಲ್ಲಿ ಬಾಸ್ ಸಿಟ್ಟು ಎಷ್ಟು ಬೆರೆತಿದೆ ಅಂತ ಬೇರ್ಪಡಿಸುವುದು ಅವತ್ತಿಗೆ ಆಗದ ಮಾತಾಗಿತ್ತು.

ಸೆಪ್ಟೆಂಬರ್ 11ರ 1.14 ಪ್ಯಾಚ್‌ನಲ್ಲಿ ಈ ರಾಡಾನ್‌ನನ್ನು ತಿದ್ದಿದರು. ಕಾಳಗ ಶುರುವಾಗುವ ರೀತಿ ಬದಲಾಯಿತು, ಕೆಲವು ಹೊಡೆತಗಳ ಬಲ ತಗ್ಗಿತು, ಬೆಳಕು ಕಣ್ಣು ಕುಕ್ಕುವುದು ಕಮ್ಮಿಯಾಯಿತು. ಮೊದಲೇ ಗೆದ್ದವರಲ್ಲಿ ಕೆಲವರು ನಮ್ಮ ಗೆಲುವಿನ ಬೆಲೆ ಇಳಿಸಿದಿರಿ ಅಂತ ಗೊಣಗಿದರು. ವರ್ಷದ ಕೊನೆಗೆ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಪಟ್ಟಿಗೆ ಈ ಡಿಎಲ್‌ಸಿ ಸೇರಿದಾಗ, ಡಿಎಲ್‌ಸಿಗೆ ಆ ಪಟ್ಟಿಯಲ್ಲಿ ಜಾಗ ಇದೆಯೇ ಅಂತ ಮೂರನೇ ಜಗಳವೂ ಆಯಿತು. ಪ್ರಶಸ್ತಿ 'ಆಸ್ಟ್ರೋ ಬಾಟ್'ಗೆ ಹೋಯಿತು.

ಎಲ್ಡನ್ ರಿಂಗ್‌ಗೆ ಎರಡನೇ ಡಿಎಲ್‌ಸಿ ಇಲ್ಲ ಅಂತ ಮಿಯಾಝಾಕಿ ಹೇಳಿಯಾಗಿದೆ. 2025ರ ಮೇನಲ್ಲಿ ಬಂದ 'ನೈಟ್‌ರೇನ್' ಬೇರೆಯದೇ ಆಟ, ಮಿಕೆಲ್ಲಾನ ಕಥೆಯನ್ನು ಅದು ಮುಂದುವರಿಸಲಿಲ್ಲ. ಹೊಡೆತದ ಅಂಕಿಗಳನ್ನು ಪ್ಯಾಚ್‌ನಲ್ಲಿ ತಿದ್ದಿದ ಹಾಗೆ ಅಂತ್ಯವನ್ನು ತಿದ್ದಲಾಗದು. ಹಾಗಾಗಿ ಈಗ ವಾದ ಮಾಡುವ ಇಬ್ಬರಲ್ಲಿ ಒಬ್ಬರು 2024ರ ಜೂನ್‌ನಲ್ಲಿ ಗೆದ್ದವರು, ಇನ್ನೊಬ್ಬರು ಪ್ಯಾಚ್ ಆದಮೇಲೆ ಗೇಮ್ ಕೊಂಡವರು. ಇಷ್ಟಕ್ಕೆಲ್ಲ ಯಾಕೆ ಕೂಗಾಡುತ್ತಿದ್ದರು ಅಂತ ಎರಡನೆಯವರು ಕೇಳುತ್ತಾರೆ. ಅವರು ಕೇಳುವುದೂ ಸರಿಯೇ, ಅವರು ಆಡಿದ ರಾಡಾನ್ ಬೇರೆ.