ಇನ್ನೊಬ್ಬಳ ಮರಿ ಸಾಕುವ ಕಣಜ

ಕಿಟಕಿ ಚೌಕಟ್ಟಿಗೋ ಸಜ್ಜಾದ ಅಡಿಗೋ ಅಂಟಿಕೊಂಡ, ಕಾಗದದಂಥ ಬೂದು ಗೂಡನ್ನು ನೋಡಿರುತ್ತೀರಿ. ಮೇಲೆ ಹೊದಿಕೆ ಇಲ್ಲ, ಕೋಣೆಗಳೆಲ್ಲ ತೆರೆದೇ ಕಾಣುತ್ತವೆ. ನಮ್ಮ ಕಡೆ ಅದು ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜದ್ದಾಗಿರಬಹುದು. ಪ್ರಾಣಿಗಳಲ್ಲಿ ಪರೋಪಕಾರ ಹೇಗೆ ಬಂತು ಎಂದು ಕೇಳಿದವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಜೇನುರಾಣಿಯನ್ನು ನೋಡಿದರೇ ಗುರುತು ಹಿಡಿಯಬಹುದು. ಇಲ್ಲಿ ರಾಣಿಗೂ ಕೆಲಸಗಾರ್ತಿಗೂ ರೂಪದಲ್ಲಿ ವ್ಯತ್ಯಾಸವೇ ಇಲ್ಲ. ಅದಕ್ಕೇ ಒಂದೊಂದಕ್ಕೂ ಬಣ್ಣದ ಚುಕ್ಕೆ ಇಟ್ಟು, ಯಾರು ಏನು ಮಾಡುತ್ತಾರೆಂದು ಬರೆದುಕೊಳ್ಳುತ್ತೇವೆ. ಮೊಟ್ಟೆ ಇಡುವವಳು ಒಬ್ಬಳೇ. ಉಳಿದವರು ಹುಳ ಹಿಡಿದು ತಂದು, ಅಗಿದು, ಅವಳ ಮರಿಗಳಿಗೆ ಉಣಿಸುತ್ತಾರೆ. ರಾಣಿಯನ್ನು ತೆಗೆದುಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಒಬ್ಬ ಕೆಲಸಗಾರ್ತಿ ಎಲ್ಲರ ಮೇಲೂ ಎಗರಾಡತೊಡಗುತ್ತಾಳೆ. ಒಂದು ವಾರದ ಹೊತ್ತಿಗೆ ಮೊಟ್ಟೆ ಇಡುತ್ತಾಳೆ, ಸಿಟ್ಟೂ ಇಳಿದಿರುತ್ತದೆ. ಆ ಒಬ್ಬಳು ಯಾರೆಂದು ನಮಗೆ ಮೊದಲೇ ಹೇಳಲು ಬರುವುದಿಲ್ಲ. ಕಣಜಗಳಿಗೆ ಗೊತ್ತು! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಅವರ ತಂಡ ಗೂಡನ್ನು ಜಾಲರಿಯಿಂದ ಎರಡು ಪಾಲು ಮಾಡಿ, ರಾಣಿಯನ್ನು ಅತ್ತಿತ್ತ ಬದಲಿಸಿ, ರಾಣಿಯಿಲ್ಲದ ಪಾಲಿನಲ್ಲಿ ಯಾರು ಮೇಲೇಳುತ್ತಾರೆಂದು ನೋಡಿತು. ನಿಜವಾದ ವಾರಸುದಾರಳಿಗೆ ಯಾರೂ ಎದುರು ನಿಲ್ಲಲಿಲ್ಲ. ಅದು ಪ್ರಕಟವಾದದ್ದು 2008ರಲ್ಲಿ.

ಅಂದರೆ ಕೆಲಸಗಾರ್ತಿ ಬಂಜೆಯಲ್ಲ. ಆದರೂ ಯಾಕೆ ದುಡಿಯುತ್ತಾಳೆ? 1964ರಲ್ಲಿ ಬ್ರಿಟನ್ನಿನ ಜೀವವಿಕಾಸ ವಿಜ್ಞಾನಿ ಹ್ಯಾಮಿಲ್ಟನ್ ಒಂದು ಲೆಕ್ಕ ಕೊಟ್ಟರು. ಬಂಧುವಿಗಾಗುವ ಲಾಭವನ್ನು ರಕ್ತಸಂಬಂಧದ ಪ್ರಮಾಣದಿಂದ ಗುಣಿಸಿ. ಅದು ತನ್ನ ನಷ್ಟಕ್ಕಿಂತ ಜಾಸ್ತಿ ಇದ್ದರೆ ಪರೋಪಕಾರದ ಗುಣ ಹರಡುತ್ತದೆ. ಕಣಜ, ಜೇನು, ಇರುವೆಗಳಲ್ಲಿ ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ, ಅವನ ವಂಶವಾಹಿಗಳೆಲ್ಲ ಪ್ರತಿ ಮಗಳಿಗೂ ಹಾಗೇ ಸಿಗುತ್ತವೆ. ಹಾಗಾಗಿ ಒಬ್ಬನೇ ಅಪ್ಪನಿದ್ದರೆ ಅಕ್ಕತಂಗಿಯರ ಸಂಬಂಧ 0.75, ಸ್ವಂತ ಮಗಳ ಜೊತೆ 0.5. ಪಾಠ ಹೇಳುವಾಗ ಬಹಳಷ್ಟು ಸಲ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅದು ನನಗೆ ಬೇಸರದ ವಿಷಯ. ಏಕೆಂದರೆ ಈ ಕಣಜದ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುತ್ತಾಳೆ. ರಾಣಿಯರೂ ಬದಲಾಗುತ್ತಿರುತ್ತಾರೆ. ಸಾಕುತ್ತಿರುವ ಮರಿ ತಂಗಿಯೇ ಆಗಬೇಕಿಲ್ಲ, ಅಕ್ಕನ ಮಗಳೋ ಚಿಕ್ಕಮ್ಮನ ಮಗಳೋ ಆಗಿರಬಹುದು. ಸಂಬಂಧ 0.5ಕ್ಕಿಂತಲೂ ಕೆಳಗಿಳಿಯುತ್ತದೆ.

ಹಾಗಾಗಿ ಲೆಕ್ಕದ ಇನ್ನೊಂದು ಭಾಗ, ಲಾಭ ನಷ್ಟದ ಭಾಗ, ಇಲ್ಲಿ ಹೆಚ್ಚು ತೂಗುತ್ತದೆ ಎಂಬುದು ನನ್ನ ಅಭಿಪ್ರಾಯ. ಮೊಟ್ಟೆ ಬೆಳೆದು ಕಣಜವಾಗಲು ಸುಮಾರು ಎರಡು ತಿಂಗಳು ಬೇಕು. ಒಂಟಿಯಾಗಿ ಗೂಡು ಕಟ್ಟಿದವಳು ನಡುವೆ ಸತ್ತರೆ ಮರಿಗಳೂ ಸತ್ತವು, ಅಷ್ಟೂ ದುಡಿಮೆ ಸುಮ್ನೆ ಹೋಯಿತು. ಗುಂಪಿನಲ್ಲಿದ್ದವಳು ಹತ್ತೇ ದಿನ ದುಡಿದು ಸತ್ತರೂ ಅವಳು ಉಣಿಸಿದ ಮರಿಯನ್ನು ಉಳಿದವರು ದೊಡ್ಡದು ಮಾಡುತ್ತಾರೆ. ಗದಗ್‌ಕರ್ 1990ರಲ್ಲಿ ಮುಂದಿಟ್ಟ ವಿಚಾರ ಇದೇ. ಬದುಕುಳಿದರೆ ಮುಂದೆ ರಾಣಿಯಾಗುವ ಅವಕಾಶವೂ ಅವಳಿಗೆ ಇದ್ದೇ ಇದೆ.